ಕಪ್ಪು ಮುಖದ ವಾಚು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಬಿಟ್ಟು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ನಾನು ಬೀರು ತೆಗೆದು, ಸೀರೆಗಳ ಕೆಳಗಿರುವ ಒಂದು ವಾಚಿಗೆ ಕೀ ಕೊಟ್ಟು ಮತ್ತೆ ಮುಚ್ಚುತ್ತೇನೆ. ಯಾರೂ ಕಟ್ಟದ ವಾಚು. ಇವತ್ತೂ ಅಷ್ಟೇ ಆಗಿ ಮುಗಿಯಬೇಕಿತ್ತು. ಆದರೆ ಆಫೀಸಿಗೆ ಹೊರಟ ನಮ್ಮ ಯಜಮಾನರು ತಮ್ಮ ಚಿನ್ನದ ಬಣ್ಣದ ವಾಚನ್ನು ಕೈಗಿತ್ತು, "ಪಟ್ಟಿ ಕಿತ್ತುಹೋಗಿದೆ. ಹೇಗೂ ಗಾಂಧಿಬಜಾರಿಗೆ ಹೋಗ್ತೀಯಲ್ಲ, ಹಾಕಿಸ್ಕೊಂಡು ಬಾ" ಎಂದರು.

ವಾಚಿನಂಗಡಿಯ ಮುದುಕರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುವವರು. ಅವರು ಪಟ್ಟಿ ಹುಡುಕುವಾಗ ಗಾಜಿನ ಪೆಟ್ಟಿಗೆಯ ಮೂಲೆಗೆ ನನ್ನ ಕಣ್ಣು ಹೋಯಿತು. ನನ್ನ ಬೀರುವಿನ ವಾಚಿನ ಒಡಹುಟ್ಟಿದಂಥದ್ದು! ಕಪ್ಪು ಮುಖ, ಆ ಮುಖದೊಳಗೆ ಮೂರು ಪುಟ್ಟ ಮುಖಗಳು, ಪಕ್ಕದಲ್ಲಿ ಎರಡು ಗುಂಡಿ.

"ಇದು ಮಾರಾಟ ಆಗಲ್ವಾ?" ಎಂದೆ.

"ಕ್ರೋನೋಗ್ರಾಫು ಕಣಮ್ಮ. ಓಟದ ಪಂದ್ಯಕ್ಕೆ ಹೊತ್ತು ಹಿಡಿಯೋ ವಾಚು. ಒಳಗಿನ ಕೆಲಸ ನೋಡಿದ್ರೆ ಕೈ ಮುಗೀಬೇಕು. ಇದೇ ಕಂಪನೀದು ಬಿಳಿ ಮುಖ, ಚಿನ್ನದ ಕಟ್ಟು ಇರೋದು ಬಂತು, ಎಂಟೇ ದಿನಕ್ಕೆ ಹೋಯ್ತು. ಇದರ ಧೂಳು ನಾಲ್ಕು ವರ್ಷದಿಂದ ಒರೆಸ್ತಾ ಇದೀನಿ."

"ಯಾಕೆ?"

"ನಮ್ಮೂರಲ್ಲಿ ಇಂಥ ವಾಚು ಕೊಳ್ಳೋರು ಯಾರು ಹೇಳಿ? ಹೆಣ್ಣು ಹೆತ್ತೋರು. ಅಳಿಯನ ಕೈಗೆ ಕಪ್ಪು ಕಟ್ತಾರಾ? ಸ್ಟೀಲು ಬೇರೆ. ತಗೊಂಡೋರೂ ಎರಡು ದಿನಕ್ಕೆ ವಾಪಸ್ ತರ್ತಾರೆ, 'ದೊಡ್ಡ ಸೆಕೆಂಡು ಮುಳ್ಳು ಓಡ್ತಿಲ್ಲ' ಅಂತ. ಗುಂಡಿ ಒತ್ತಿದ್ರೆ ತಾನೇ ಅದು ಓಡೋದು? ದಿನದ ಸೆಕೆಂಡು ಎಡಗಡೆ ಪುಟ್ಟ ಮುಖದಲ್ಲಿ ಓಡ್ತಿರುತ್ತೆ. ಅದನ್ಯಾರು ನೋಡ್ತಾರೆ?"

ನೋಡುವವರು ಒಬ್ಬರಿದ್ದರು ಎನ್ನಬೇಕೆನಿಸಿತು. ಪಟ್ಟಿ ಹಾಕಿಸಿಕೊಂಡು ಬಂದೆ.

ನಮ್ಮ ತಂದೆಯನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅವರು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಕಾನ್ವೆಂಟಿನಲ್ಲಿ ಡ್ರಿಲ್ ಮೇಷ್ಟ್ರು. ಆ ಕಾರಣಕ್ಕೇ ನನಗೆ ಅಲ್ಲಿ ಓದಲು ಸಿಕ್ಕಿದ್ದು. ನನ್ನ ಇಂಗ್ಲಿಷು, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುವ ಒಣ ಶಿಸ್ತು, ಎಲ್ಲ ಅಲ್ಲಿಯದೇ. ವರ್ಷಕ್ಕೊಮ್ಮೆ ಆಟೋಟದ ದಿನ ಕಾನ್ವೆಂಟಿನ ಹಿರಿಯ ಸನ್ಯಾಸಿನಿ ಮದರ್ ತಮ್ಮ ಮೇಜಿನ ಖಾನೆಯಿಂದ ಇಂಥದೊಂದು ವಾಚನ್ನು ತೆಗೆದು ಅಣ್ಣನ ಕೈಗೆ ಕೊಡುತ್ತಿದ್ದರು, ಸಂಜೆ ವಾಪಸು ಇಸಿದುಕೊಳ್ಳುತ್ತಿದ್ದರು. ಆ ಒಂದು ಹಗಲು ಅಣ್ಣ ಮೊಳಕೈವರೆಗೆ ತೋಳು ಮಡಿಸಿ ನಡೆಯುತ್ತಿದ್ದ ಠೀವಿ ನೋಡಬೇಕಿತ್ತು ನೀವು. "ಬಿಸಿಲಲ್ಲಿ ಬಿಳಿ ಮುಖ ಕಣ್ಣು ಕುಕ್ಕುತ್ತೆ ಮಗು, ಕಪ್ಪಾದ್ರೆ ಮುಳ್ಳು ಚೆನ್ನಾಗಿ ಕಾಣುತ್ತೆ" ಎನ್ನುತ್ತಿದ್ದರು.

ನನ್ನ ಮದುವೆ ಗೊತ್ತಾದಾಗ ಅಳಿಯನಿಗೆ ವಾಚು ಕೊಡಬೇಕಲ್ಲ. ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯ ಹತ್ತಿರ ಅಣ್ಣ ಈ ವಾಚು ಕೊಂಡರು. ಆಮೇಲೆ ಅವರ ಸೈಕಲ್ಲು ಕಾಣಲಿಲ್ಲ. ಹನುಮಂತನಗರದಿಂದ ಸ್ಕೂಲಿನವರೆಗೆ ನಡೆದೇ ಹೋಗಿಬರುತ್ತಿದ್ದರು. ಅಳಿಯನಿಗೆ ಏನು ಬೇಕು ಎಂದು ಅವರು ಕೇಳಲಿಲ್ಲ. ತಮಗೆ ಜೀವಮಾನವೆಲ್ಲ ಬೇಕಾಗಿದ್ದುದನ್ನು ತಂದುಕೊಟ್ಟರು.

ಹಸೆಮಣೆಯ ಮೇಲೆ ಡಬ್ಬಿ ತೆರೆದಾಗ ನಮ್ಮ ಅತ್ತೆಯವರು ಮೆಲ್ಲಗೇ ಹೇಳಿದ್ದು, ಆದರೆ ವಾಲಗದವರು ಆಗತಾನೇ ನಿಲ್ಲಿಸಿದ್ದರು. "ಶುಭಕಾರ್ಯದಲ್ಲಿ ಯಾರಾದರೂ ಕಪ್ಪು ಕೊಡ್ತಾರೆಯೇ? ಕಾನ್ವೆಂಟಿನವರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು!" ಅಣ್ಣ ನಕ್ಕರು. ಆ ನಗು ಎಷ್ಟು ಹೊತ್ತಾದರೂ ಅವರ ಮುಖದಿಂದ ಇಳಿಯಲೇ ಇಲ್ಲ, ಒಣಗಲು ಹಾಕಿ ಮರೆತ ಬಟ್ಟೆಯ ಹಾಗೆ.

ನಮ್ಮ ಯಜಮಾನರು ಕೆಟ್ಟವರಲ್ಲ. ಒಂದು ವಾರ ಕಟ್ಟಿದರು. "ಗುಂಡಿ ಶರ್ಟಿನ ಕೈಗೆ ಸಿಕ್ಕಿಕೊಳ್ಳುತ್ತೆ ಕಣೇ. ಆಫೀಸಲ್ಲಿ 'ಏನಯ್ಯಾ, ಕೈಗೆ ಟ್ಯಾಕ್ಸಿ ಮೀಟರ್ ಹಾಕಿಸಿದೀಯಾ' ಅಂತಾರೆ" ಎಂದು ಬಿಚ್ಚಿಟ್ಟರು. ಅದು ಬೀರು ಸೇರಿತು.

ಸುಳ್ಳು ಶುರುವಾದದ್ದು ನನ್ನಿಂದ. ತವರಿಗೆ ಹೋದಾಗಲೆಲ್ಲ ಅಣ್ಣ ಬೇರೆ ಮಾತಿನ ನಡುವೆ, "ವಾಚು ಹೇಗಿದೆಯಮ್ಮ?" ಎನ್ನುವರು. "ದಿನಾ ಕಟ್ಟುತ್ತಾರೆ ಅಣ್ಣ" ಎನ್ನುತ್ತಿದ್ದೆ. ಇವರು ಜೊತೆಗಿದ್ದು ಕೈ ಬೋಳಾಗಿದ್ದರೆ, "ಇವತ್ತು ಮರೆತು ಬಂದ್ರು." ಆರು ವರ್ಷ ಮರೆತು ಬಂದರು.

ಅಣ್ಣ ಹಾಸಿಗೆ ಹಿಡಿದಾಗ ಡಾಕ್ಟರು ಇನ್ನು ನಾಲ್ಕು ದಿನ ಎಂದರು. ನಾನು ಇವರ ಕಾಲು ಹಿಡಿಯುವುದೊಂದು ಬಾಕಿ. "ಒಂದೇ ಒಂದು ಸಲ ಕಟ್ಕೊಳ್ಳಿ, ಅವರು ನೋಡಲಿ." ಇವರು ಕೈ ಚಾಚಿದರು. ಗೋಡೆ ಗಡಿಯಾರ ನೋಡಿ ಮುಳ್ಳು ಸರಿಯಾಗಿ ತಿರುಗಿಸಿ, ನಾನೇ ಪಟ್ಟಿ ಬಿಗಿದೆ. ಜಟಕಾ ಹತ್ತಿ ಹನುಮಂತನಗರಕ್ಕೆ ಹೋದೆವು.

ಅಣ್ಣನ ಕಣ್ಣು ಸೀದಾ ಅಳಿಯನ ಮಣಿಕಟ್ಟಿಗೆ ಹೋಯಿತು. ಮುಖ ಅರಳಿತು. ಕೈ ನೀಡಿ ಹತ್ತಿರ ಎಳೆದುಕೊಂಡರು. ಆಮೇಲೆ ಆ ಎಡಗಡೆಯ ಪುಟ್ಟ ಮುಖವನ್ನು ನೋಡುತ್ತಲೇ ಇದ್ದರು. ಎಷ್ಟು ಹೊತ್ತು ನೋಡಿದರೆಂದರೆ, ನನಗೆ ಆಗ ಹೊಳೆಯಿತು. ಮುಳ್ಳು ತಿರುಗಿಸಿದ್ದೆ, ಕೀ ಕೊಟ್ಟಿರಲಿಲ್ಲ. ದೊಡ್ಡ ಸೆಕೆಂಡು ಮುಳ್ಳು ಯಾವಾಗಲೂ ನಿಂತೇ ಇರುವುದರಿಂದ ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ. ದಿನಾ ಕಟ್ಟುವವರ ಮನೆಯಲ್ಲಿ ಈ ತಪ್ಪು ಆಗುತ್ತಿರಲಿಲ್ಲ.

ಅಣ್ಣ "ಬಸ್ಸು ಸಿಕ್ತಾ, ಜಟಕಾದಲ್ಲಿ ಬಂದಿರಾ?" ಎಂದು ಇವರನ್ನು ಕೇಳುತ್ತ, ಎರಡು ಬೆರಳಿನಿಂದ, ಅಳಿಯನ ಕೈಮೇಲೇ, ಸ್ವಲ್ಪ ಸ್ವಲ್ಪವಾಗಿ ಕೀ ಕೊಟ್ಟರು. ಪುಟ್ಟ ಮುಳ್ಳು ಓಡತೊಡಗಿತು. "ಚೆನ್ನಾಗಿ ಒಪ್ಪುತ್ತೆ ನಿಮಗೆ" ಎಂದರು. ನನ್ನ ಕಡೆ ನೋಡಲಿಲ್ಲ. ಮೂರನೆಯ ದಿನ ಹೋದರು. ಅಷ್ಟರೊಳಗೆ ನನ್ನನ್ನು ನೋಡಿದರು, ಮಾತಾಡಿಸಿದರು, ಆದರೆ ವಾಚು ಹೇಗಿದೆ ಎಂದು ಮಾತ್ರ ಮತ್ತೆ ಕೇಳಲಿಲ್ಲ.

ಅವತ್ತಿನಿಂದ ಇವತ್ತಿನವರೆಗೆ ಕೀ ತಪ್ಪಿಸಿಲ್ಲ. ಇದರಿಂದ ಯಾರಿಗೇನು ಉಪಯೋಗ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ.

ಅಂಗಡಿಯಿಂದ ಬಂದವಳು ಬೀರು ತೆಗೆದೆ. ಗಾಜಿನ ಪೆಟ್ಟಿಗೆಯಲ್ಲಿ ಬಿದ್ದಿದ್ದ ಆ ಇನ್ನೊಂದರ ನೆನಪು ಹೋಗಲಿಲ್ಲ. ಬಳೆ ಹಿಂದಕ್ಕೆ ಸರಿಸಿ ಅಣ್ಣನ ವಾಚನ್ನು ನನ್ನ ಕೈಗೇ ಕಟ್ಟಿಕೊಂಡೆ. ಪಟ್ಟಿಯ ಕೊನೆಯ ತೂತಿಗೂ ಸಡಿಲ. ಇವರು ಸಂಜೆ ಬಂದು ನೋಡಿ, ಕಾಫಿ ಕುಡಿದು ಒಳಗೆ ಹೋದರು. ನಾನು ಜಗಲಿಯಲ್ಲಿ ಹುರುಳಿಕಾಯಿ ಸೋಸುತ್ತ ಕೂತೆ.

ಹೆಪ್ಪಿಗೆ ಮಜ್ಜಿಗೆ ಕೇಳಲು ಲೋಟ ಹಿಡಿದು ಬಂದ ಪಕ್ಕದ ಮನೆಯ ಶಾರದಮ್ಮ ನನ್ನ ಕೈಯನ್ನು ಬಗ್ಗಿ ನೋಡಿದರು.

"ಇದೇನ್ರೀ, ನಿಂತುಹೋದ ವಾಚು ಕಟ್ಕೊಂಡಿದೀರಾ? ದೊಡ್ಡ ಮುಳ್ಳು ಅಲ್ಲಾಡ್ತಾನೇ ಇಲ್ಲ!"