ಪುಟ್ಟಲಿಂಗಮ್ಮನ ಸೀಳು ಕಡ್ಡಿ

ಮಸಿನಗುಡಿಯ ದನಗಳು ಬೆಳಿಗ್ಗೆ ಮೇಯಲು ಹೊರಟವೆಂದರೆ ಆ ದಾರಿ ಹೆಂಗಸರದು. ಮನೆ ಗುಡಿಸಿ, ಗಂಡಂದಿರಿಗೆ ಸ್ನಾನಕ್ಕೆ ನೀರು ಕಾಯಿಸಿಟ್ಟು, ಹಿಟ್ಟು ಬೇಯಿಸಿ, ಆಮೇಲೆ ಸಗಣಿ ತುಂಬುವ ಮಂಕರಿ ಬುಟ್ಟಿ ಹೊತ್ತು ಬರುತ್ತಿದ್ದರು. ಬಿದ್ದ ಸಗಣಿಗೆ ಮೊದಲು ಲಂಟಾನದ ಕಡ್ಡಿ ಚುಚ್ಚಿದವಳದೇ ಆ ಸಗಣಿ. ಅವಳು ಹಿಂದಿರುಗಿ ಎತ್ತಿಕೊಳ್ಳುವವರೆಗೆ ಇನ್ನೊಬ್ಬಳು ಮುಟ್ಟುವುದಿಲ್ಲ. ಅವರು ಒಣಗಿಸಿ ಮಾರಿದ್ದು ಲಾರಿ ಹತ್ತಿ ಟೀ ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು.

ಪುಟ್ಟಲಿಂಗಮ್ಮ ಕಡ್ಡಿಯ ತುದಿಯನ್ನು ಉಗುರಿನಿಂದ ಸೀಳಿ ಚುಚ್ಚುವಳು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಕಾಡು ದಾಟಿ ಬಂದ ಮೇಲೆ ತನ್ನದೆಂದು ಅವಳು ಗುರುತು ಹಾಕಿದ್ದು ಅದೊಂದಕ್ಕೇ. ಮನೆ ಗಂಡ ಮಾದಯ್ಯನದು, ಎಮ್ಮೆ ಮಾವನದು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ದನದ ದೊಡ್ಡಿಯ ಒಡೆಯ ಮಹದೇವಸ್ವಾಮಿ ಸ್ವಂತ ಲಾರಿ ತಂದ. ದಾರಿಯ ಸಗಣಿಯೂ ತನಗೇ ಬೇಕೆನಿಸಿತು. ಒಂದು ಬೆಳಿಗ್ಗೆ ಅಡ್ಡ ನಿಂತ. ಸುತ್ತ ಹೆಂಗಸರೆಲ್ಲ ಬಗ್ಗಿ ಕೆಲಸದಲ್ಲಿದ್ದರು. ಅವನು ಆರಿಸಿಕೊಂಡದ್ದು ಪುಟ್ಟಲಿಂಗಮ್ಮನನ್ನು. ಮಾತಿಗೆ ಮಾತು ಕೊಡುವವಳು ಅವಳೇ, ಅವಳು ಹೆದರಿದರೆ ಉಳಿದವರು ತಾವಾಗಿಯೇ ಸರಿಯುತ್ತಾರೆಂದು ಅವನ ಲೆಕ್ಕ.

"ನಾಳೆಯಿಂದ ಇಲ್ಲಿ ನಿನ್ ಮಂಕರಿ ಕಂಡ್ರೆ ನಿನ್ ಗುಡ್ಲಿಗೆ ಬೆಂಕಿ ಇಕ್ತೀನಿ. ಒಳಗೆ ಯಾರವ್ರೆ ಅಂತ ನೋಡಾಕಿಲ್ಲ."

ಮನೆಯಲ್ಲಿ ಮಾದಯ್ಯ ಕೇಳಿಸಿಕೊಂಡು, "ಬಾಯ್ಮಾತು ಬುಡು ಅದು. ಸುಮ್ಕೆ ಮನೇಲಿರು" ಎಂದ.

"ಬರೀ ಬಾಯ್ಮಾತಾದ್ರೆ ನಾನ್ಯಾಕೆ ಮನೇಲಿರ್ಬೇಕು?"

ಮಾದಯ್ಯ ಕಾಫಿ ಕೇಳಿದ.

ಅವಳು ಮನೆಯಲ್ಲೇ ಉಳಿದಳು. ಪಕ್ಕದ ಮನೆಯ ಒಲೆಯ ಹೊಗೆ ಬಂದರೂ ಎದ್ದು ಬಾಗಿಲಿಗೆ ಓಡುವಳು. ಕೆಲವು ದಿನಗಳಲ್ಲೇ ಅದು ಸಾಕಾಗಿ ಪೊಲೀಸ್ ಠಾಣೆಗೆ ಹೋದಳು. ಠಾಣೆಯ ವ್ಯವಹಾರವೆಲ್ಲ ತಮಿಳಿನಲ್ಲಾದರೂ ಅಲ್ಲಿದ್ದ ಪೇದೆ ಸರಣ್ಯಾ ಗೂಡಲೂರಿನ ಹುಡುಗಿ, ಕನ್ನಡ ಬರುತ್ತಿತ್ತು.

"ಅವ್ನು ಇನ್ನೂ ಏನೂ ಮಾಡಿಲ್ಲ ಕಣವ್ವ. ಆದ್ರೂ ಹೇಳ್ಬೋದಾ?"

"ಬೆಂಕಿ ಇಟ್ರೆ ಅದು ಬೇರೆ ಕೇಸಮ್ಮಾ. ಇಡ್ತೀನಿ ಅಂತ ಹೆದರಿಸಿ ನಿಮ್ಮ ಕೆಲ್ಸ ನಿಲ್ಲಿಸಿದಾನಲ್ಲ, ಅದೇ ಒಂದು ಅಪರಾಧ. ಐನೂರ ಆರನೇ ಸೆಕ್ಷನ್. ಅವ್ನು ಹೇಳಿದ್ದು ಯಾರಾದ್ರೂ ಕೇಳಿದ್ರಾ?"

ಸಾಕ್ಷಿ ಹುಡುಕಿಕೊಂಡು ಪುಟ್ಟಲಿಂಗಮ್ಮ ದಾರಿಗೆ ಬಂದಳು. ಹಸಿ ಸಗಣಿಯಲ್ಲಿ ಅಲ್ಲಲ್ಲಿ ತುದಿ ಸೀಳಿದ ಕಡ್ಡಿಗಳು ನಿಂತಿದ್ದವು. ಅವಳು ಚುಚ್ಚಿದ್ದಲ್ಲ.

"ನಿನ್ ಪಾಲು ಕಣಕ್ಕ" ಎಂದಳು ನೆರೆಮನೆಯ ಕಾಳಿಯಮ್ಮ. "ನೀನು ಬರೋಗಂಟ ಜಾಗ ಹಿಡ್ದಿದ್ದೀವಿ."

"ಹಂಗಾದ್ರೆ ಸ್ಟೇಷನ್‌ಗೂ ಬತ್ತೀರಾ?"

ಕಾಳಿಯಮ್ಮನ ಕೈ ನಿಂತಿತು. "ನಮ್ಮನೇಲಿ ಕಾಲು ಮುರೀತಾರೆ ಕಣಕ್ಕ" ಎಂದು ಮತ್ತೆ ಬಗ್ಗಿದಳು. ಪುಟ್ಟಲಿಂಗಮ್ಮ ಒತ್ತಾಯ ಮಾಡಲಿಲ್ಲ. ಮಾರನೆಯ ದಿನ ಒಬ್ಬಳೇ ಠಾಣೆಗೆ ಹೋದಳು.

ಮಹದೇವಸ್ವಾಮಿಯನ್ನೂ ಕರೆಸಿದ್ದರು. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ಅವನು ನಕ್ಕ. "ಎಲ್ಲಾ ಸುಳ್ಳು ಸಾ. ಆವತ್ತು ದಾರೀಲಿ ಒಬ್ರೂ ಇರ್ನಿಲ್ಲ, ಸಗಣಿ ಎತ್ತೋ ಹೆಂಗಸ್ರು ಬುಟ್ರೆ."

ಇನ್‌ಸ್ಪೆಕ್ಟರ್ ಪೆನ್ನು ಎತ್ತಿದರು. "ಎಷ್ಟು ಹೆಂಗಸರು?"

"ನಾವೆಲ್ಲ ಇದ್ದೋ ಸಾ."

ಕಾಳಿಯಮ್ಮ ಹೊಸಿಲ ಮೇಲೆ ನಿಂತಿದ್ದಳು, ಸೊಂಟದಲ್ಲಿ ಮಂಕರಿ. ಅವಳ ಹಿಂದೆ ಪುಷ್ಪಾ, ಪುಷ್ಪಾಳ ಅತ್ತೆ, ಇನ್ನೂ ಕೆಲವರು. ಪುಟ್ಟಲಿಂಗಮ್ಮ ಒಬ್ಬಳೇ ಹೋಗುವುದನ್ನು ದಾರಿಯಿಂದ ಕಂಡವರು ಕೈ ತೊಳೆಯುವಷ್ಟೂ ತಡೆದಿರಲಿಲ್ಲ.

"ನೀವೆಲ್ಲ ಬಗ್ಗಿ ಕೆಲ್ಸ ಮಾಡ್ತಿದ್ರಿ, ನಿಮ್ಗೇನು ಕೇಳ್ಸುತ್ತೆ?" ಎಂದು ಮಹದೇವಸ್ವಾಮಿ ರೇಗಿದ.

"ಬಗ್ಗಿದ್ದು ಬೆನ್ನು ಕಣಯ್ಯ, ಕಿವಿ ಅಲ್ಲ. 'ಒಳಗೆ ಯಾರವ್ರೆ ಅಂತ ನೋಡಾಕಿಲ್ಲ' ಅಂದ್ಯಲ್ಲ, ಅದ್ನೂ ಬರ್ಕಳಿ ಸಾ."

ಸರಣ್ಯಾ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು.

ದೂರು ದಾಖಲಾಯಿತು. ಕೋರ್ಟಿನ ಅಲೆದಾಟ ಮುಂದಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಮಾದಯ್ಯ ಬಿಸಿನೀರಿಗಾಗಿ ಕೂಗಿದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ತಾನೇ ಒಲೆಯ ಮುಂದೆ ಕೂತು ಊದತೊಡಗಿದ. ಆ ಹೊಗೆ ದಾರಿಯವರೆಗೂ ಬಂತು. ಪುಟ್ಟಲಿಂಗಮ್ಮ ತಲೆಯೆತ್ತಿ ನೋಡಿದಳು, ಓಡಲಿಲ್ಲ. ಬೇಲಿಯಿಂದ ಒಂದು ಕಡ್ಡಿ ಮುರಿದು ತುದಿ ಸೀಳಿದಳು.