ಒಂದು ಕೌದಿಗೆ ಎಂಟು ಜನ ವಾರಸುದಾರರು

ಹೋದ ಭಾನುವಾರ ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರು ಅಂಗೈಯಗಲದ ಒಂದು ತುಂಡು ಬಟ್ಟೆಗಾಗಿ ಜಗಳಕ್ಕೆ ನಿಂತರು. ಇಬ್ಬರಿಗೂ ಅರವತ್ತು ದಾಟಿದೆ. ಒಬ್ಬರು ಇದು ನನ್ನ ಸೀರೆ ಅಂದರು, ಇನ್ನೊಬ್ಬರು ಅಲ್ಲವೇ ಅಲ್ಲ, ನನ್ನದು ಅಂದರು. ಅದು ಇಬ್ಬರದೂ ಅಲ್ಲ ಅನ್ನೋದು ಇಡೀ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. (ಹಾಗಂತ ನಾನು ಅಂದುಕೊಂಡಿದ್ದೆ.)

ಮೊದಲಿನಿಂದ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೆ ಅನ್ನ ಇಳಿಯೋದಿಲ್ಲ.

ತಪ್ಪೆಲ್ಲ ಒಂದು ಟಿಫನ್ ಕ್ಯಾರಿಯರ್‌ನದು. ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಈಗ ಎಲ್ಲರದೂ ಸ್ಟೀಲ್. ಮಧ್ಯಾಹ್ನ ಊಟದ ಹೊತ್ತಿಗೆ ಟೇಬಲ್ ಫಳಫಳ ಅನ್ನುತ್ತದೆ. ನನ್ನದು ಮಾತ್ರ ಅಲ್ಯೂಮಿನಿಯಂ, ಮುಚ್ಚಳ ಬೇರೆ ಸೊಟ್ಟ. ಡ್ರಿಲ್ ಮೇಷ್ಟ್ರು ದಿನಾ ಅದನ್ನೊಮ್ಮೆ ನೋಡಿ ನಕ್ಕು ಊಟಕ್ಕೆ ಕೂರುತ್ತಿದ್ದರು. ಎಷ್ಟು ದಿನ ಅಂತ ಸಹಿಸೋದು?

ಹೀಗಿರುವಾಗ ಒಂದು ಭಾನುವಾರ ಅವ್ವ ಮತ್ತು ನನ್ನ ಹೆಂಡತಿ ತುರುವೇಕೆರೆಗೆ ಹೋದರು, ನನ್ನ ತಂಗಿ ಗಿರಿಜನನ್ನು ಹೆರಿಗೆಗೆ ಕರೆತರೋದಕ್ಕೆ. ಮನೆಯಲ್ಲಿ ನಾನೊಬ್ಬನೇ. ಆಗ ಬೀದಿಯಲ್ಲಿ ಕೂಗು ಕೇಳಿಸಿತು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋ ಹೆಂಗಸು. ಅವಳ ಬುಟ್ಟಿಯ ಮೇಲೇ ಕೂತಿತ್ತು, ಮೂರಂತಸ್ತಿನ ಟಿಫನ್ ಕ್ಯಾರಿಯರ್.

ನನ್ನ ಎರಡು ಹಳೇ ಪ್ಯಾಂಟು ತಂದೆ. ಒಂದು ಲೋಟ ತೋರಿಸಿದಳು. ನಾಲ್ಕು ಶರ್ಟು ಹಾಕಿದೆ. ಲೋಟದ ಜೊತೆ ತಟ್ಟೆ ಬಂತು. ಕ್ಯಾರಿಯರ್ ಕಡೆ ಕೈ ಮಾಡಿದರೆ ತಲೆ ಅಲ್ಲಾಡಿಸುತ್ತಾಳೆ. ಹಟ ಬಂತು ನೋಡಿ. ಮನೆಯೆಲ್ಲ ತಡಕಾಡಿದೆ. ಅಟ್ಟದ ಮೇಲೆ, ಕೊಬ್ಬರಿಯಾಗಲಿ ಅಂತ ಬಿಟ್ಟಿರೋ ಕಾಯಿಗಳ ಹಿಂದೆ, ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಬರೀ ಚಿಂದಿ. ಮಾಸಿದ ಸೀರೆ, ಅಂಚು ಹರಿದ ಪಂಚೆ. ಇದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದಾಳೋ ಈ ಅವ್ವ ಅಂತ ಗಂಟಿಗೆ ಗಂಟೇ ಎತ್ತಿ ಕೊಟ್ಟೆ. ಕ್ಯಾರಿಯರ್ ನನ್ನ ಕೈಗೆ ಬಂತು.

ಸೋಮವಾರ ಡ್ರಿಲ್ ಮೇಷ್ಟ್ರ ಮುಖ ನೀವು ನೋಡಬೇಕಿತ್ತು.

ಹತ್ತು ದಿನ ರಾಜನ ಹಾಗೆ ಉಂಡೆ. ಹನ್ನೊಂದನೇ ದಿನ ಅವ್ವ ಕರೆದಳು. ಮಂಡಿ ನೋವು, ಅಟ್ಟ ಹತ್ತೋಕಾಗಲ್ಲ, ಕಾಯಿ ಹಿಂದೆ ಒಂದು ಗಂಟಿದೆ, ಇಳಿಸಿಕೊಡು, ಗಿರಿಜನ ಮಗೂಗೆ ಕೌದಿ ಹೊಲೀಬೇಕು ಅಂದಳು.

ಏನಿದೆ ಅದರಲ್ಲಿ ಅಂತ ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ.

ಆಗ ಅವ್ವ ಹೇಳಿದ್ದು ಇದು. ಗಿರಿಜನಿಗೆ ಮದುವೆಯಾಗಿ ಏಳು ವರ್ಷ. ಎರಡು ಸಲ ಬಸಿರು ನಿಲ್ಲಲಿಲ್ಲ. ಈ ಸಲ ನಿಲ್ಲಲಿ ಅಂತ ಅವ್ವ ಒಂದೂವರೆ ವರ್ಷದಿಂದ ಊರೂರು ಸುತ್ತಿ, ಬಾಳಿ ಬದುಕಿದವರ ಮನೆ ಬಾಗಿಲಿಗೆ ಹೋಗಿ, ಉಟ್ಟು ಹಳೆಯದಾದ ಬಟ್ಟೆ ಕೇಳಿ ತಂದಿದ್ದಾಳೆ. ಹೊನ್ನವಳ್ಳಿ ಪುಟ್ಟಬಸಮ್ಮ ಏಳು ಹೆತ್ತವರು, ಏಳೂ ಮಕ್ಕಳು ಗಟ್ಟಿಮುಟ್ಟು. ಅವರದೊಂದು ಸೀರೆ. ಅರಳಗುಪ್ಪೆ ಸಿದ್ಧಲಿಂಗಮ್ಮ ಮರಿಮಕ್ಕಳನ್ನು ಎತ್ತಿದವರು. ಅವರದೊಂದು. ತೊಂಬತ್ತು ದಾಟಿದ ಗುರುಸಿದ್ಧಜ್ಜನ ಪಂಚೆ. ಹೀಗೆ ಎಂಟು ಮನೆಯ ಬಟ್ಟೆ. ಅವರ ಆಯಸ್ಸು ಮಗುವಿಗೆ ಬರಲಿ ಅಂತ.

"ಎಂಟು ಮನೇದು ಸೇರಿ ಒಂಬತ್ತು ಬಟ್ಟೆ ಐತೆ ಕಣಪ್ಪ, ಜೋಪಾನವಾಗಿ ಇಳಿಸು."

"ಒಂಬತ್ತನೇದು ಯಾರದವ್ವ?"

"ಅದೆಲ್ಲ ನಿಂಗ್ಯಾಕೆ? ಗಂಟು ಇಳಿಸು."

ಕಾಯಿ ಅಡ್ಡ ಇವೆ, ಶನಿವಾರ ಇಳಿಸಿಕೊಡುತ್ತೇನೆ ಅಂತ ಜಾರಿಕೊಂಡೆ. ಮಾರನೇ ದಿನ ಸ್ಕೂಲಿಗೆ ರಜಾ ಹಾಕಿದೆ. (ಕಾರಣ: ಹೊಟ್ಟೆನೋವು. ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಅಂತ ಪಾಠ ಮಾಡುವವನು ನಾನೇ.) ಕ್ಯಾರಿಯರ್ ಚೀಲಕ್ಕೆ ಹಾಕಿಕೊಂಡು ರೈಲ್ವೆ ಸ್ಟೇಷನ್ ಹತ್ತಿರ ಪಾತ್ರೆಯವರು ಇಳಿದುಕೊಳ್ಳೋ ಜಾಗಕ್ಕೆ ಓಡಿದೆ. ಆ ಹೆಂಗಸು ಹುಳಿಯಾರು ಸಂತೆಗೆ ಹೋಗಿದ್ದಾಳೆ ಅಂದರು. ಸಿಕ್ಕ ಬಸ್ಸು ಹತ್ತಿದೆ.

ಸಂತೆಯಲ್ಲಿ ಸಿಕ್ಕಳು. ಒಂದು ಕಡೆ ಪಾತ್ರೆ, ಇನ್ನೊಂದು ಕಡೆ ಹಳೇ ಬಟ್ಟೆಯ ರಾಶಿ ಹಾಕಿಕೊಂಡು ಕೂತಿದ್ದಳು. ನನ್ನ ಪ್ಯಾಂಟುಗಳು ಅಲ್ಲೇ ಇದ್ದವು. ಗಂಟು ಮಾತ್ರ ಇಲ್ಲ.

"ಅದು ಹೋದ ವಾರದ ಸಂತೆಲೇ, ಇಲ್ಲೇ ಹೋಯ್ತಲ್ಲ ಸಾಮಿ," ಅಂದಳು. ಯಾರೋ ಬಾಣಂತಿ ಮನೆಯವರು ಬಂದು ಇಡೀ ಗಂಟು ಎತ್ತಿಕೊಂಡು ಹೋದರಂತೆ. ಈಗ ಎಲ್ಲರ ಮನೆಯಲ್ಲೂ ಟೆರಿಕಾಟು, ನೈಲಾನು. ಮಗು ಒದ್ದೆ ಮಾಡಿದರೆ ಹೀರೋ ಬಟ್ಟೆ ಯಾರ ಹತ್ತಿರ ಇದೆ? ಮೆತ್ತಗಿರೋ ಕಾಟನ್ ಬಟ್ಟೆ ಬಂದರೆ ಒಂದು ಗಳಿಗೆ ನಿಲ್ಲೋದಿಲ್ಲವಂತೆ.

ಯಾವ ಊರಿನವರು? ಗೊತ್ತಿಲ್ಲ. ಹೆಸರು? ಗೊತ್ತಿಲ್ಲ. ಬಟ್ಟೆ ಕೊಂಡವರ ಹೆಸರು ಯಾರು ಕೇಳುತ್ತಾರೆ?

ನಾನು ಅಲ್ಲೇ ರಾಶಿಯ ಪಕ್ಕ ಕೂತೆ. ವಿಷಯ ಪೂರ್ತಿ ಹೇಳಿದೆ. ಅವಳು ಎದ್ದಳು, ರಾಶಿಯಲ್ಲಿ ಕೈ ಹಾಕಿ ಮೆತ್ತನೆಯದನ್ನೇ ಆರಿಸಿ ಆರಿಸಿ ತೆಗೆದಳು. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿದಳು. ಸರಿಯಾಗಿ ಒಂಬತ್ತು ಆದ ಮೇಲೆ ಗಂಟು ಕಟ್ಟಿ ಕೊಟ್ಟಳು. ಎಲ್ಲೆಲ್ಲಿಯದೋ ಬಟ್ಟೆ, ಯಾರ್ಯಾರದೋ. ಕ್ಯಾರಿಯರ್ ಅವಳ ಬುಟ್ಟಿಗೆ ವಾಪಸ್ ಹೋಯಿತು. ನನ್ನ ಸ್ಟೀಲ್ ಯುಗ ಅಲ್ಲಿಗೆ ಮುಗಿಯಿತು. (ಕ್ಯಾರಿಯರ್ ಬಸ್ಸಿನಲ್ಲಿ ಮರೆತೆ ಅಂತ ಹೆಂಡತಿಗೆ ಹೇಳಿದ್ದೆ. ಈ ವಾರದ ಪೇಪರ್ ಅವಳೂ ಓದುತ್ತಾಳೆ. ನನ್ನ ಗ್ರಹಚಾರ.)

ಶನಿವಾರ ಗಂಟನ್ನು ಅವ್ವನ ಮುಂದಿಟ್ಟೆ. ಅವ್ವ ಬಿಚ್ಚಿದಳು. ಒಂದೊಂದಾಗಿ ತೆಗೆದು ತಳದವರೆಗೂ ನೋಡಿದಳು. ಮತ್ತೆ ಮೇಲಿನಿಂದ ಶುರು ಮಾಡಿ ಇನ್ನೊಂದು ಸಲ ನೋಡಿದಳು. ಆಮೇಲೆ ಕನ್ನಡಕ ಒರೆಸಿಕೊಂಡು ಒಂದು ಹಸಿರು ಸೀರೆ ಎತ್ತಿ, ಇದು ಪುಟ್ಟಬಸಮ್ಮನದು ಅಂತ ಗಿರಿಜನಿಗೆ ತೋರಿಸಿದಳು. ಮೂರನೇ ಬಾಣಂತನಕ್ಕೆ ಪುಟ್ಟಬಸಮ್ಮನ ಅಣ್ಣ ತಂದುಕೊಟ್ಟಿದ್ದಂತೆ. ಇದು ಗುರುಸಿದ್ಧಜ್ಜಂದು, ಇದನ್ನು ಉಟ್ಟುಕೊಂಡೇ ಅಜ್ಜ ಎಂಬತ್ತರಲ್ಲಿ ತೆಂಗಿನ ಮರ ಹತ್ತಿ ಸೊಸೆಯ ಕೈಲಿ ಬೈಸಿಕೊಂಡಿದ್ದು. ಒಂದೊಂದು ತುಂಡಿಗೂ ಒಂದೊಂದು ಕಥೆ. ಗಿರಿಜ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು.

ಪಾಪ, ಅವ್ವನ ಕಣ್ಣು ಮಂಜಾಗಿದೆ ಅಂದುಕೊಂಡೆ. ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಒಂದು ತಿಂಗಳು ಅವ್ವ ಪಡಸಾಲೆಯಲ್ಲಿ ಕೂತು ಹೊಲಿದಳು. ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಒಳಗೆ ಸುತ್ತಿಕೊಂಡು ಬರುವ ಹೊಲಿಗೆ. ಕೊನೆಯ ಹೊಲಿಗೆ ಹಾಕಿದ ಮೂರನೇ ದಿನ ಗಿರಿಜನಿಗೆ ಹೆಣ್ಣು ಮಗು ಆಯಿತು. ಆರೋಗ್ಯವಾಗಿದೆ. ಗಂಟಲು ಹೇಗಿದೆ ಅಂದರೆ ಮೂರು ಮನೆ ಆಚೆಯವರಿಗೂ ಹಾಲಿನ ಹೊತ್ತು ತಿಳಿಯುತ್ತದೆ.

ಹೋದ ಭಾನುವಾರ ತೊಟ್ಟಿಲು ಶಾಸ್ತ್ರ. ಅಷ್ಟು ದಿನವೂ ನನಗೆ ಹೊಳೆಯದಿದ್ದ ವಿಷಯ ಒಂದಿತ್ತು. ಬಟ್ಟೆ ಕೊಟ್ಟ ಎಂಟು ಮನೆಯವರೂ ಬರುತ್ತಾರೆ. ಬಂದವರು ಸುಮ್ಮನೆ ಮಗು ನೋಡಿ ಹೋಗುತ್ತಾರಾ? ಕೌದಿ ಬಿಡಿಸಿ ತಮ್ಮ ತಮ್ಮ ತುಂಡು ಹುಡುಕುತ್ತಾರೆ!

ಪುಟ್ಟಬಸಮ್ಮ ಬಂದವರೇ, "ಎಲ್ಲಿ ನನ್ ಸೀರೆ?" ಅಂದರು. ನಾನು ಪಾಯಸದ ಸೌಟು ಹಿಡಿದುಕೊಂಡು ಅಡುಗೆಮನೆ ಸೇರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಅದೇ ಅವಸ್ಥೆ.

ಆದರೆ ಆದದ್ದೇ ಬೇರೆ. ಪುಟ್ಟಬಸಮ್ಮ ಕೌದಿ ಬಿಡಿಸಿ ಒಂದು ಕ್ಷಣ ನೋಡಿದರು, ಹಸಿರು ತುಂಡಿನ ಮೇಲೆ ಬೆರಳಿಟ್ಟು ಇಗೋ ಇಲ್ಲೈತೆ ಅಂದುಬಿಟ್ಟರು! ಅಣ್ಣ ತಂದಿದ್ದು, ತುಮಕೂರಿನಿಂದ ತಂದಿದ್ದು, ಎಲ್ಲ ಹೇಳಿದರು. ಅಷ್ಟರಲ್ಲಿ ಸಿದ್ಧಲಿಂಗಮ್ಮ ಬಂದು ಅದೇ ತುಂಡಿನ ಮೇಲೆ ಕೈಯಿಟ್ಟರು. ಇದು ನನ್ನ ಮಗಳ ಮದುವೆಗೆ ಉಟ್ಟ ಸೀರೆ, ನಾನು ಕಾಣದ್ದಾ ಅಂದರು. ಶುರುವಾಯಿತು ನೋಡಿ ಜಗಳ. ಒಬ್ಬರು ಅಂಚು ತೋರಿಸುತ್ತಾರೆ, ಇನ್ನೊಬ್ಬರು ಬಣ್ಣ ತೋರಿಸುತ್ತಾರೆ. ಕೊನೆಗೆ ಅವ್ವ ತೀರ್ಪು ಕೊಟ್ಟಳು: ಸೆರಗು ಪುಟ್ಟಬಸಮ್ಮನದು, ಒಡಲು ಸಿದ್ಧಲಿಂಗಮ್ಮನದು. ಇಬ್ಬರೂ ಒಪ್ಪಿ ಎಲೆ ಅಡಿಕೆ ಹಾಕಿಕೊಂಡರು. ಗುರುಸಿದ್ಧಜ್ಜನಿಗೆ ಕಣ್ಣು ಕಾಣದು. ಕೈಯಲ್ಲಿ ಸವರಿಯೇ ತಮ್ಮ ಪಂಚೆ ಹಿಡಿದುಬಿಟ್ಟರು. ಎಂಟು ಮನೆಯವರಿಗೂ ಅವರವರ ಬಟ್ಟೆ ಸಿಕ್ಕಿತು. ಒಬ್ಬರಿಗೂ ಅನುಮಾನವಿಲ್ಲ.

ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ನನಗೆ ತಡೆಯಲಾಗಲಿಲ್ಲ. ಅವ್ವನ ಪಕ್ಕ ಕೂತು ಎಲ್ಲ ಒಪ್ಪಿಸಿದೆ. ಕ್ಯಾರಿಯರ್, ಸಂತೆ, ಹೊಟ್ಟೆನೋವು, ಒಂದನ್ನೂ ಬಿಡಲಿಲ್ಲ.

ಅವ್ವ ಅಡಿಕೆ ಅಗಿಯುತ್ತಲೇ ಇದ್ದಳು.

"ಗೊತ್ತಿತ್ತು ಬುಡು," ಅಂದಳು.

"ಯಾವಾಗಿಂದ?"

"ಗಂಟು ಬಿಚ್ಚಿದಾಗಲೇ. ನಿಮ್ಮಪ್ಪನ ಅಂಗಿ ಇರ್ಲಿಲ್ಲವಲ್ಲ."

ಒಂಬತ್ತನೇ ಬಟ್ಟೆ. ಗಿರಿಜನ ಮದುವೆಯಲ್ಲಿ ಅಪ್ಪ ಹಾಕಿಕೊಂಡಿದ್ದ ನೀಲಿ ಗೆರೆಯ ಅಂಗಿ. ಮೊಮ್ಮಗು ನೋಡದೇ ಹೋದರಲ್ಲ, ಅಂಗಿಯಾದರೂ ಜೊತೆಗಿರಲಿ ಅಂತ ಎತ್ತಿಟ್ಟಿದ್ದಳಂತೆ. ಅದನ್ನು ನಾನು ಚಿಂದಿ ಅಂದಿದ್ದೆ. ನಲವತ್ತು ವರ್ಷದ ಮೇಷ್ಟ್ರು ಅನ್ನೋದನ್ನೂ ಮರೆತು ಅತ್ತುಬಿಟ್ಟೆ.

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ, ಎಲ್ಲರ ಹೆಸರೂ ಹೇಳಿಕೊಂಡು ಯಾಕೆ ಹೊಲಿದೆ ಅಂತ ಕೇಳಿದೆ.

"ತುಂಬಿದ ಬಸುರಿ ಎದುರಿಗೆ ಬಟ್ಟೆ ಕಳೆದೋಯ್ತು ಅನ್ಲಾ? ಎಂಟು ಮನೆಯೋರು ಬಾಯ್ತುಂಬ ಹರಸಿ ಕೊಟ್ಟಿದ್ರು ಕಣ್ಲಾ. ಬಟ್ಟೆ ಹೋದ್ರೆ ಅದೂ ಹೋಯ್ತದಾ? ಮಗೀಗೆ ಹೆಸರಿಡ್ತೀವಿ, ಬಟ್ಟೆಗೆ ಇಡಬಾರ್ದಾ?"

ಆಮೇಲೆ ಆ ಗಂಟು ಎಲ್ಲಿಗೆ ಹೋಯಿತು ಅಂತ ಕೇಳಿದಳು. ಹುಳಿಯಾರು ಕಡೆ ಯಾರದೋ ಬಾಣಂತಿ ಮನೆಗೆ ಅಂದೆ. ಅವ್ವ ಅಗಿಯೋದು ನಿಲ್ಲಿಸಿದಳು. ಮುಖದಲ್ಲಿ ಏನೋ ಒಂದು ಬೆಳಕು ಬಂತು. ನಾನು ಬೈಗುಳಕ್ಕೆ ತಲೆ ಕೊಟ್ಟು ಕೂತಿದ್ದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ. ಅಷ್ಟು ಕೂಡ ವಿಚಾರಿಸಿಕೊಂಡು ಬರಲಿಲ್ಲವಾ ಅಂತ ಬೈಗುಳ ಬಿದ್ದಿದ್ದು ಅದಕ್ಕೆ.

ಆದ್ದರಿಂದ ಹುಳಿಯಾರು ಕಡೆಯ ಓದುಗರೇ, ಮಗುವಿನ ಕೌದಿ ಬಿಸಿಲಿಗೆ ಹಾಕಿದಾಗ ಸ್ವಲ್ಪ ನೋಡಿ. ನೀಲಿ ಗೆರೆಯ ಅಂಗಿಯ ತುಂಡು, ಜೇಬಿನ ಹತ್ತಿರ ಇಂಕಿನ ಕಲೆ. ಖಂಡಿತ ವಾಪಸ್ ಬೇಡ. ಅವ್ವನ ಆ ಪ್ರಶ್ನೆಗೆ ಉತ್ತರ ಒಂದು ಕಾರ್ಡಿನಲ್ಲಿ ಬರೆದು ಹಾಕಿ ಸಾಕು. ಪೇಪರಿಗೆ ಬರೆಯುತ್ತೇನೆ ಅಂದಾಗಿನಿಂದ ನಮ್ಮವ್ವ ದಿನಾ ಪೋಸ್ಟ್‌ಮ್ಯಾನ್‌ನನ್ನು ತಡೆದು ನಿಲ್ಲಿಸುತ್ತಿದ್ದಾಳೆ.

ಗಂಡೋ, ಹೆಣ್ಣೋ?