ಸೂರ್ಯನ ಪಾಠ ತಿದ್ದಲು ಬಂದ ಮಾಸ್ತರರು

ನಮ್ಮ ಮಾಸ್ತರರ ಕುತ್ತಿಗೆಯ ತುಂಬ ಪೌಡರು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅದು ಹಿಟ್ಟು ಸವರಿದ ಹಾಗೆ ಇರುತ್ತಿತ್ತು. ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಬೆವರಿಗೆ ನೆನೆದು ಕುತ್ತಿಗೆಯ ಮಡಿಕೆಗಳಲ್ಲಿ ಬಿಳಿ ಗೆರೆಯಾಗಿ ನಿಲ್ಲುತ್ತಿತ್ತು. ಕಾಲರಿನೊಳಗೆ ಮಡಿಸಿಟ್ಟ ಕರ್ಚೀಫನ್ನು ಆಗಾಗ ತೆಗೆದು, ಹಿಂಡಿ, ಮತ್ತೆ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ನಮ್ಮ ಬಿಸಿಲು ಅಂಥದ್ದು.

ಜಿಡಗಾದ ಆಚೆಗಿನ ಒಂದು ಸಣ್ಣ ಊರು ನನ್ನ ತವರು. ಅಲ್ಲಿ ಏಳನೆಯ ತರಗತಿಯವರೆಗೆ ಶಾಲೆ. ಮಾಸ್ತರರು ಆಳಂದದಿಂದ ಬಸ್ಸಿಗೆ ಬರುತ್ತಿದ್ದರು. ಗಣಿತ, ವಿಜ್ಞಾನ, ಸಮಾಜ ಎಲ್ಲಕ್ಕೂ ಅವರೇ. ಪಾಠ ಎಂದರೆ ಪ್ರಶ್ನೆ ಉತ್ತರ ಬರೆಸುವುದು, ಮರುದಿನ ಬಾಯಿಪಾಠ ಒಪ್ಪಿಸಿಕೊಳ್ಳುವುದು. "ಪರೀಕ್ಷಾದಾಗ ಬರೂದಷ್ಟೇ ವಿದ್ಯಾ. ಉಳದದ್ದೆಲ್ಲಾ ಹರಟಿ" ಎನ್ನುವುದು ಅವರ ನಿತ್ಯದ ಮಾತು. ಅವರ ತರಗತಿಯಲ್ಲಿ ಕೈ ಎತ್ತಲು ಇದ್ದದ್ದು ಎರಡೇ ಕಾರಣ: ನೀರು ಕುಡಿಯಲು, ಇಲ್ಲವೇ ಹೊರಗೆ ಹೋಗಲು. ಕೆಟ್ಟ ಮನುಷ್ಯ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದೀತು. ಜ್ವರ ಬಂದ ಮಕ್ಕಳಿಗೆ ಆಳಂದದಿಂದ ಗುಳಿಗೆ ತರುತ್ತಿದ್ದರು. ಅವರ ಕೈಯಲ್ಲಿ ಯಾರೂ ಫೇಲಾಗಲಿಲ್ಲ. ಊರವರು ಅವರನ್ನು ದೇವರಂತೆ ಕಂಡರು, ದೇವರಿಗೆ ಯಾರಾದರೂ ಪ್ರಶ್ನೆ ಕೇಳುತ್ತಾರೆಯೆ?

ನಾನು ಕೇಳಿದೆ. ಆಗ ಏಳನೆಯ ತರಗತಿ. ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರಿತ್ತು, ಪಬ್ಲಿಕ್ ಪರೀಕ್ಷೆ ಹತ್ತಿರವಿತ್ತು. ಬೇಸಗೆ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಮಾಸ್ತರರು ಉತ್ತರ ಬರೆಸಿದರು: ಬೇಸಗೆಯಲ್ಲಿ ಸೂರ್ಯ ಭೂಮಿಗೆ ಹತ್ತಿರ ಬರುತ್ತಾನೆ, ಆದ್ದರಿಂದ ಸೆಕೆ ಹೆಚ್ಚು. ನಮ್ಮ ಕಡೆಯ ಬಿಸಿಲಲ್ಲಿ ಬೆಂದವರು ಯಾರಾದರೂ ಇದನ್ನು ನಂಬುತ್ತಾರೆ. ಒಲೆಯ ಹತ್ತಿರ ಕೂತರೆ ಸುಡುತ್ತದೆ, ದೂರ ಸರಿದರೆ ಇಲ್ಲ, ಅಷ್ಟೇ ತಾನೆ?

ನಾನು ಕೈ ಎತ್ತಿದೆ. "ಹೊರಗ ಹೋಗಬೇಕೇನು?" ಎಂದರು.

"ಅಲ್ರಿ ಸರ. ಬಸ್ಸು ಹತ್ರ ಬಂದಂಗ ದೊಡ್ಡದಾಗಿ ಕಾಣ್ತದ. ಸೂರ್ಯ ಹತ್ರ ಬಂದ್ರ ದೊಡ್ಡಾಗಿ ಕಾಣಬೇಕಲ್ರಿ?"

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವರು ಕರ್ಚೀಫು ತೆಗೆದು ಹಿಂಡಿದರು. "ಭಾಳ ಶಾಣ್ಯಾಕಿ ಆಗೀದಿ ಬೇ. ಹೋಗು, ಬಯಲಾಗ ನಿಂತು ನೋಡು. ದೊಡ್ಡಾಗಿ ಕಂಡಾಗ ಒಳಗ ಬಾ."

ತರಗತಿ ನಕ್ಕಿತು. ನಾನು ಹೋಗಿ ನಿಂತೆ. ಚಪ್ಪಲಿ ಇರಲಿಲ್ಲ. ಕಣ್ಣು ಕತ್ತಲಿಟ್ಟು ಬಿದ್ದದ್ದು, ವಾಂತಿಯಾದದ್ದು, ಯಾರೋ ಎತ್ತಿ ಮನೆಗೆ ತಂದದ್ದು ಅರೆಬರೆ ನೆನಪಿದೆ. ನಮ್ಮಪ್ಪ ಮಾಸ್ತರರ ಮೇಲೆ ಸಿಟ್ಟಾಗಲಿಲ್ಲ, ನನ್ನ ಮೇಲಾದ. "ಇವತ್ತ ಮಾಸ್ತರ ಎದುರು ಮಾತಾಡ್ತಿ, ನಾಳಿ ಅತ್ತಿ ಎದುರು ಮಾತಾಡ್ತಿ. ಸಾಲಿ ಸಾಕು." ಪರೀಕ್ಷೆಗೂ ಕಳಿಸಲಿಲ್ಲ. ಮಾಸ್ತರರು ಮನೆಯ ಕಡೆ ಬಂದು ಒಂದು ಮಾತು ಹೇಳಿದ್ದರೆ ಅಪ್ಪ ಖಂಡಿತ ಕೇಳುತ್ತಿದ್ದ. ಅವರು ಬರಲಿಲ್ಲ. ಬಸ್ಸು ಇಳಿದು ನಮ್ಮ ಓಣಿಯ ಮುಂದೆಯೇ ಶಾಲೆಗೆ ಹೋಗುತ್ತಿದ್ದರು. ಮೀಸೆ ಬಾರದ ಹುಡುಗರೆಲ್ಲ ಪಾಸಾಗಿ ಆಳಂದಕ್ಕೆ ಓದಲು ಹೋದರು. ನಾನು ಗೊಬ್ಬೂರಿಗೆ ಸೊಸೆಯಾಗಿ ಬಂದೆ.

ಬದುಕೇ ದೊಡ್ಡ ಶಾಲೆ, ಕಲಿಯುವುದಕ್ಕೆ ವಯಸ್ಸಿಲ್ಲ ಎಂದು ವೇದಿಕೆಯ ಮೇಲೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗೆ ಹೇಳುವವರ ಸರ್ಟಿಫಿಕೇಟುಗಳೆಲ್ಲ ಟ್ರಂಕಿನಲ್ಲಿ ಭದ್ರವಾಗಿರುತ್ತವೆ. ನಾನು ಕಲಿತಿಲ್ಲವೆಂದಲ್ಲ. ಮಗಳು ಓದಲು ಕೂತಾಗ ಜೊತೆಗೆ ಕೂತೆ. ರೊಟ್ಟಿ ಬಡಿಯುತ್ತ ಅವಳಿಂದ ಗಟ್ಟಿಯಾಗಿ ಓದಿಸಿಕೊಂಡೆ. ಅವಳು ಮಲಗಿದ ಮೇಲೂ ಪುಸ್ತಕ ನನ್ನದೇ. ಪಂಚಾಯಿತಿ ಗ್ರಂಥಾಲಯದ ಪುಸ್ತಕಗಳನ್ನು ಒಂದೊಂದಾಗಿ ತಂದು ಮುಗಿಸಿದೆ. ಈಗ ಬರೆಯುತ್ತಿರುವ ಈ ಕನ್ನಡ ಹಾಗೆ ಸಿಕ್ಕಿದ್ದು. ಆದರೆ ಊರಲ್ಲಿ ಅಂಗನವಾಡಿ ಕೆಲಸ ಖಾಲಿಯಾದಾಗ ಕೇಳಿದ್ದು ಒಂದೇ ಮಾತು: ಎಷ್ಟನೇತ್ತ ಪಾಸು? ಬದುಕಿನ ಶಾಲೆ ಯಾರಿಗೂ ಅಂಕಪಟ್ಟಿ ಕೊಡುವುದಿಲ್ಲ.

ಮಾಸ್ತರರಿಗೆ ಆಮೇಲೆ ಜೇವರ್ಗಿ ಕಡೆ ವರ್ಗವಾಯಿತು, ಅಲ್ಲಿಂದಲೇ ನಿವೃತ್ತರಾದರು ಎಂದು ತವರಿನವರು ಹೇಳಿದ್ದರು. ಎರಡು ವರ್ಷದ ಹಿಂದೆ, ಎಳ್ಳಮಾವಾಸ್ಯೆಯ ಮರುದಿನ, ನಾನು ಅಂಗಳದಲ್ಲಿ ತೊಗರಿ ಕೇರುತ್ತಿದ್ದಾಗ ಗೇಟಿನ ಮುಂದೆ ಒಬ್ಬ ಮುದುಕರು ಬಂದು ನಿಂತರು. ತಲೆಗೆ ಮಫ್ಲರು, ಹೆಗಲಿಗೆ ಚೀಲ.

"ಗುರುತ ಸಿಕ್ಕಿತೇನು ಯವ್ವಾ?"

"ಸಿಕ್ಕಿತ್ರಿ ಸರ. ಬರ್ರಿ, ಕುಂದರ್ರಿ."

ಅವರು ಕೂರಲಿಲ್ಲ. ಬಾಯಿಪಾಠ ಒಪ್ಪಿಸುವ ಹುಡುಗರ ಹಾಗೆ ನೆಟ್ಟಗೆ ನಿಂತು ಹೇಳಿದರು: "ನೀ ಅಂದದ್ದು ಖರೇ ಇತ್ತು. ಬ್ಯಾಸಗ್ಯಾಗ ಸೂರ್ಯ ಹತ್ರ ಬರಂಗಿಲ್ಲ. ಹತ್ರ ಇರೂದು ಈಗ, ಈ ಎಳ್ಳಮಾಸಿ ಥಂಡ್ಯಾಗ. ಬ್ಯಾಸಗ್ಯಾಗ ಬಿಸಲು ನೆತ್ತಿ ಮ್ಯಾಲ ನೆಟ್ಟಗ ಬೀಳ್ತದ, ಹಗಲೂ ದೊಡ್ಡದು, ಅದಕ್ಕ ಸುಡ್ತದ. ನಾ ನೌಕರಿ ಪೂರ್ತಿ ತಪ್ಪೇ ಹೇಳಿದೆ."

"ಗೊತ್ತದರಿ ಸರ. ಮಗಳ ಪುಸ್ತಕದಾಗ ಓದೇನಿ."

ಅವರ ಮುಖ ಇಳಿಯಿತು. ಅದನ್ನು ನೋಡಿ ನನಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಹಬ್ಬದ ಸಜ್ಜೆ ರೊಟ್ಟಿ, ಕಾಳು ಸೊಪ್ಪು ಬೇಯಿಸಿದ ಭಜ್ಜಿ ಉಳಿದಿತ್ತು, ಹಾಕಿಕೊಟ್ಟೆ. ತಿನ್ನುತ್ತ ಹೇಳಿದರು. ನಿವೃತ್ತಿಯ ಮೇಲೆ ಹೊತ್ತು ಹೋಗದೆ ಆಳಂದದ ಗ್ರಂಥಾಲಯಕ್ಕೆ ಹೋಗತೊಡಗಿದರಂತೆ. ಮಕ್ಕಳ ವಿಜ್ಞಾನದ ಪುಸ್ತಕವೊಂದರಲ್ಲಿ ಇದು ಸಿಕ್ಕಿತಂತೆ. ಆ ದಿನದಿಂದ ನಿದ್ದೆ ಇಲ್ಲ. ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಪಾಠ ತಿದ್ದಲು ಹೊರಟರು. ಆಳಂದದಲ್ಲಿ ತೊಗರಿ ವ್ಯಾಪಾರ ಮಾಡುವ ಒಬ್ಬ ಚಹಾ ತರಿಸಿ ಅಂದನಂತೆ: "ಸರ, ನಾ ಪಾಸ್ ಆಗೇನಲ್ರಿ. ಈಗ ಸೂರ್ಯ ಎಲ್ಲೆರೆ ಇರ್ಲಿ ಬಿಡ್ರಿ!" ಉಳಿದವರೂ ಹೆಚ್ಚುಕಡಿಮೆ ಇದೇ ಮಾತು.

"ನಾನೇ ಕಲಿಸಿದ್ದು ನೋಡವ್ವಾ ಅದು. ಪಾಸಾದ್ರ ಮುಗೀತು ಅಂತ," ಎಂದು ಕೈ ತೊಳೆದರು.

ಅವರ ಮೇಲೆ ಕನಿಕರ ಹುಟ್ಟಿತು, ಹಾಗೆ ಹುಟ್ಟಿದ್ದಕ್ಕೆ ಸಿಟ್ಟೂ ಬಂತು. ಹೋಗುವ ಮುನ್ನ ಗೇಟು ಹಿಡಿದು ನಿಂತರು.

"ಅವತ್ತು ನೀ ಮತ್ತೇನೋ ಕೇಳಾಕ ಬಾಯಿ ತಗದಿದ್ದಿ. ಹೊರಗ ಹೋಗು ಅಂತ ನಾ ಬಾಯಿ ಮುಚ್ಚಿಸಿದೆ. ಏನದು?"

ಮತ್ತೆ ಹಿಡಿದಿದ್ದ ಮೊರದಲ್ಲಿ ಕೈ ನಿಂತಿತು. ಹೌದು, ಇನ್ನೊಂದು ಪ್ರಶ್ನೆ ಇತ್ತು. ಮೊದಲನೆಯದಕ್ಕಿಂತ ಅದೇ ದೊಡ್ಡದು, ಅದನ್ನು ಕೇಳುವ ಧೈರ್ಯ ಬರಲೆಂದೇ ಮೊದಲನೆಯದನ್ನು ಕೇಳಿದ್ದೆ. ಎಷ್ಟು ತಡಕಿದರೂ ಸಿಗಲಿಲ್ಲ.

"ನೆನಪಿಲ್ರಿ ಸರ."

"ನೆನಪಾದ್ರ ಫೋನ್ ಮಾಡವ್ವಾ. ಉತ್ರ ನನಗ ಬರಲಿಕ್ಕಿಲ್ಲ. ಇಬ್ರೂ ಕೂಡಿ ಹುಡುಕೋಣು."

ನಾನು ಮಾಡಲಿಲ್ಲ. ಅವರೇ ಮಾಡುತ್ತಿದ್ದರು. ಕ್ಷೇಮ ಸಮಾಚಾರವಾದ ಮೇಲೆ "ನೆನಪಾತೇನು?" ಎನ್ನುತ್ತಿದ್ದರು. ಇಲ್ಲ ಎಂದರೆ, "ಇರಲಿ, ಇರಲಿ, ಅವಸರಿಲ್ಲ" ಎಂದು ಫೋನ್ ಇಡುತ್ತಿದ್ದರು. ಈ ಶ್ರಾವಣದಲ್ಲಿ ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆಂದು ಆಳಂದಕ್ಕೆ ಹೋಗಿದ್ದೆ. ಬ್ಯಾನರಿನ ಮೇಲೆ ಹೆಸರಿನ ಮುಂದೆ ಅವರ ಡಿಗ್ರಿಗಳು, ಕೆಳಗೆ ನೂರಕ್ಕೆ ನೂರು ಫಲಿತಾಂಶದ ಶಿಕ್ಷಕರೆಂದು. ಮಾತಾಡಿದವರೆಲ್ಲ ಪಾಸಾದವರೇ, ಎಲ್ಲರೂ ಫಲಿತಾಂಶವನ್ನೇ ಹೊಗಳಿದರು.

ನನ್ನ ಶಾಲೆ ಕಿತ್ತುಕೊಂಡದ್ದಕ್ಕೆ ಅವರನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಆ ಪ್ರಶ್ನೆ ಏನಿತ್ತೆಂದು ತಿಳಿಯಲು ಹಂಬಲಿಸಿದವರು ಹುಟ್ಟಿದಾಗಿನಿಂದ ನನಗೆ ಅವರೊಬ್ಬರೇ ಸಿಕ್ಕಿದ್ದು. ಅಪ್ಪ ಕೇಳಲಿಲ್ಲ, ಗಂಡ ಕೇಳಲಿಲ್ಲ, ಮಗಳಿಗೂ ಅದು ಬೇಕಿಲ್ಲ. ರೊಟ್ಟಿ ಬಡಿಯುವಾಗ, ತೊಗರಿ ಕೇರುವಾಗ ಈಗಲೂ ತಡಕುತ್ತೇನೆ. ನೆನಪಾಗಿಲ್ಲ. ನೆನಪಾದರೂ ಇನ್ನು ಯಾರಿಗೆ ಹೇಳಲಿ?